‘ಗಿಡಮೂಲಿಕೆ ತಾನೇ’ ಎಂಬ ಹುಸಿ ಅಭಯ

ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿ, ಜಯನಗರ ನಾಲ್ಕನೇ ಬ್ಲಾಕಿನ ಮೆಡಿಕಲ್ ಸ್ಟೋರು, ಜೆ.ಪಿ. ನಗರದ ಆರ್ಗ್ಯಾನಿಕ್ ಮಳಿಗೆ, ಬಿ.ಟಿ.ಎಂ. ಬಡಾವಣೆಯ ಬ್ಯೂಟಿ ಪಾರ್ಲರು. ಬೆಂಗಳೂರು ದಕ್ಷಿಣದಲ್ಲಿ ಇವುಗಳ ಪೈಕಿ ಎಲ್ಲಿಗೆ ಹೋಗಿ “ಬಂಗಿಗೆ ಏನಾದರೂ ಇದೆಯಾ” ಎಂದು ವಿಚಾರಿಸಿದರೂ ಡಬ್ಬಿಯ ಜೊತೆಗೆ ಒಂದು ಭರವಸೆಯೂ ಸಿಗುತ್ತದೆ: “ತಗೊಳ್ಳಿ ಅಕ್ಕ, ಗಿಡಮೂಲಿಕೇದು ತಾನೇ, ಏನೂ ಆಗಲ್ಲ.” ಅಂಗಡಿಯವರು ಮೋಸ ಮಾಡಬೇಕೆಂದು ಹೀಗೆ ಹೇಳುವುದಿಲ್ಲ. ಅವರೂ ಅದನ್ನು ನಂಬಿದ್ದಾರೆ. ಕೊಳ್ಳುವ ಗೃಹಿಣಿ, ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿ, ಕಾಲೇಜು ಹುಡುಗಿ, ಅವಳನ್ನು ಕರೆತಂದ ತಾಯಿ, ಎಲ್ಲರೂ ನಂಬಿದ್ದಾರೆ. ಡಾಕ್ಟರು ಬರೆದುಕೊಟ್ಟ ಕ್ರೀಮನ್ನು ‘ಕೆಮಿಕಲ್’ ಎಂದು ಹೆದರಿ ಅರ್ಧಕ್ಕೆ ಬಿಟ್ಟವರೇ ಹೆಸರು ಕೇಳದ ಕಂಪನಿಯ ಸೀರಮ್ಮನ್ನು ಅದರ ಮೇಲಿನ ಎಲೆಯ ಚಿತ್ರ ನೋಡಿ ತಿಂಗಳುಗಟ್ಟಲೆ ಹಚ್ಚುತ್ತಾರೆ.

ಈ ನಂಬಿಕೆ ತಪ್ಪು, ಮತ್ತು ಅದರಿಂದ ಜನರ ಮುಖಕ್ಕೆ ಹಾನಿಯಾಗುತ್ತಿದೆ. ಒಂದು ಪದಾರ್ಥ ಗಿಡದಿಂದ ಬಂದಿದೆ ಎಂಬ ಮಾಹಿತಿಯಿಂದ ಅದು ಚರ್ಮಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಒಂದಿಷ್ಟೂ ತಿಳಿಯುವುದಿಲ್ಲ. ತಿಳಿಯಬೇಕಾದರೆ ಕೇಳಬೇಕಾದ್ದು ನಾಲ್ಕು ಪ್ರಶ್ನೆ: ಅದರಲ್ಲಿರುವ ಅಣು ಯಾವುದು, ಎಷ್ಟು ಪ್ರಮಾಣದಲ್ಲಿದೆ, ಎಷ್ಟು ಕಾಲ ಹಚ್ಚಬೇಕು, ಯಾರ ಚರ್ಮದ ಮೇಲೆ ಪರೀಕ್ಷೆಯಾಗಿದೆ. ‘ಗಿಡಮೂಲಿಕೆ ತಾನೇ’ ಎಂಬ ಒಂದು ಮಾತು ಈ ನಾಲ್ಕೂ ಪ್ರಶ್ನೆಗಳ ಬಾಯಿ ಮುಚ್ಚಿಸಿಬಿಟ್ಟಿದೆ.

ಇದಕ್ಕೆ ತೆರಬೇಕಾದ ಬೆಲೆ ಏನೆಂದು ಜಪಾನ್ ಹೇಳುತ್ತದೆ. ಬರ್ಚ್ ಮರದ ತೊಗಟೆಯಲ್ಲಿ, ನಿಕ್ಕೊ ಮೇಪಲ್ ಎಂಬ ಮರದಲ್ಲಿ ರೊಡೊಡೆಂಡ್ರಾಲ್ ಎಂಬ ಸಂಯುಕ್ತವಿದೆ. ಕನೆಬೊ ಕಾಸ್ಮೆಟಿಕ್ಸ್ ಕಂಪನಿ ಅದನ್ನು ಶೇ 2ರ ಪ್ರಮಾಣದಲ್ಲಿ ಕ್ರೀಮು, ಲೋಷನ್ನುಗಳಲ್ಲಿ ಬೆರೆಸಿತು. ಕದ್ದುಮುಚ್ಚಿ ನಡೆದ ವ್ಯವಹಾರ ಅದಾಗಿರಲಿಲ್ಲ. ಚರ್ಮದ ಬಣ್ಣ ತಿಳಿಗೊಳಿಸುವ ಪದಾರ್ಥವೆಂದು 2008ರಲ್ಲಿ ಸರ್ಕಾರದ ಒಪ್ಪಿಗೆ ಪಡೆದೇ ಮಾರುಕಟ್ಟೆಗೆ ಬಂದದ್ದು. ಸುಮಾರು 8 ಲಕ್ಷ ಜನ ಬಳಸಿದರು. ಅವರಲ್ಲಿ ಹಲವರ ಮುಖ, ಕುತ್ತಿಗೆ, ಕೈಗಳ ಮೇಲೆ ತೊನ್ನಿನಂಥ ಬಿಳಿ ಮಚ್ಚೆಗಳು ಎದ್ದವು. 2013ರ ಜುಲೈ 4ರಂದು ಕಂಪನಿ ತನ್ನ 54 ಉತ್ಪನ್ನಗಳನ್ನು ವಾಪಸು ಕರೆಸಿಕೊಂಡಿತು. ಹಾನಿಗೊಳಗಾದವರ ಲೆಕ್ಕ 19,000 ದಾಟಿತು. ಹಚ್ಚುವುದನ್ನು ನಿಲ್ಲಿಸಿದ ಮೇಲೆ ಬಹಳಷ್ಟು ಜನರಿಗೆ ಬಣ್ಣ ಸ್ವಲ್ಪ ಸ್ವಲ್ಪವಾಗಿ ಮರಳಿತು. ಕೆಲವರಿಗೆ ಮರಳಲೇ ಇಲ್ಲ.

ಹೀಗೇಕಾಯಿತು ಎನ್ನುವುದು ಗಿಡದ ಹೆಸರಲ್ಲಿ ವ್ಯಾಪಾರ ಮಾಡುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದು ತಯಾರಾಗುವುದು ಮೆಲನೊಸೈಟ್ ಎಂಬ ವರ್ಣಕೋಶಗಳಲ್ಲಿ. ಅಲ್ಲಿ ಟೈರೊಸಿನೇಸ್ ಎಂಬ ಕಿಣ್ವ ಟೈರೊಸಿನ್ ಎಂಬ ಅಮೈನೊ ಆಮ್ಲವನ್ನು ಹಿಡಿದು ಹಂತಹಂತವಾಗಿ ಮೆಲನಿನ್ ಮಾಡುತ್ತದೆ. ಬಣ್ಣ ಕಡಿಮೆ ಮಾಡುವ ಬಹುತೇಕ ಪದಾರ್ಥಗಳ ಕೆಲಸ ಈ ಕಿಣ್ವಕ್ಕೆ ಅಡ್ಡಗಾಲು ಹಾಕುವುದು. ರೊಡೊಡೆಂಡ್ರಾಲ್ ಆಕಾರದಲ್ಲಿ ಟೈರೊಸಿನ್‌ಗೆ ಹತ್ತಿರ. ಹಾಗಾಗಿ ಕಿಣ್ವ ಅದನ್ನೇ ಟೈರೊಸಿನ್ ಎಂದು ಹಿಡಿದು ಕ್ವಿನೋನ್ ಆಗಿ ಮಾರ್ಪಡಿಸಿತು. ಆ ಕ್ವಿನೋನ್ ವರ್ಣಕೋಶಕ್ಕೆ ವಿಷ. ಕೋಶವೇ ಸತ್ತರೆ ಅಲ್ಲಿ ಬಣ್ಣ ಎಲ್ಲಿಂದ ಬರಬೇಕು? ಈ ಪದಾರ್ಥ ಗಿಡದಲ್ಲಿ ಹುಟ್ಟಿದ್ದೋ ಪ್ರಯೋಗಾಲಯದಲ್ಲಿ ಹುಟ್ಟಿದ್ದೋ ಎಂದು ಕಿಣ್ವ ವಿಚಾರಿಸುವುದಿಲ್ಲ. ಅದಕ್ಕೆ ತಿಳಿಯುವುದು ಆಕಾರ ಮಾತ್ರ.

ಇದೇ ಬಗೆಯ ಹಾನಿ ಇಲ್ಲಿನ ಹೆಂಗಸರ ಹಣೆಯ ಮೇಲೂ ಆಗಿದೆ. ಸ್ಟಿಕ್ಕರ್ ಬೊಟ್ಟಿನ ಅಂಟಿನಲ್ಲಿದ್ದ ಫೀನಾಲ್ ಜಾತಿಯ ರಾಸಾಯನಿಕಗಳಿಂದ ಬೊಟ್ಟಿನಷ್ಟೇ ದುಂಡಗೆ ಬಿಳಿ ಮಚ್ಚೆ ಏಳುವುದನ್ನು ಭಾರತದ ಚರ್ಮವೈದ್ಯರು ದಶಕಗಳಿಂದ ದಾಖಲಿಸುತ್ತ ಬಂದಿದ್ದಾರೆ. ಆ ಅಂಟು ಕಾರ್ಖಾನೆಯದು, ರೊಡೊಡೆಂಡ್ರಾಲ್ ಮರದ್ದು. ಹಾನಿಯ ದಾರಿ ಮಾತ್ರ ಒಂದೇ. ಬೊಟ್ಟು ಬಿಟ್ಟು ಕುಂಕುಮಕ್ಕೆ ಮರಳಿದ ಅದೇ ಹೆಂಗಸು ಗಿಡದ ಹೆಸರಿನ ಕ್ರೀಮಿಗೆ ಕೆನ್ನೆ ಒಡ್ಡುವಾಗ ಎರಡು ಸಲ ಯೋಚಿಸುವುದಿಲ್ಲ.

ಬಣ್ಣ ತೆಗೆಯುವ ಗಿಡಗಳಂತೆ ಬಣ್ಣ ಏರಿಸುವ ಗಿಡಗಳೂ ಇವೆ. ಬಂಗಿಗೆ ಮನೆಮದ್ದು ಎಂದರೆ ಮೊದಲು ಬಾಯಿಗೆ ಬರುವುದು ನಿಂಬೆ. ಅರ್ಧ ಹೋಳನ್ನು ಕೆನ್ನೆಗೆ ಉಜ್ಜಿ, ಹತ್ತು ನಿಮಿಷ ಬಿಟ್ಟು, ಮುಖ ತೊಳೆದು, ಬನಶಂಕರಿಯಿಂದ ಸ್ಕೂಟರಿನಲ್ಲಿ ಕೆಲಸಕ್ಕೆ ಹೊರಡುವುದು ಎಷ್ಟೋ ಮನೆಗಳಲ್ಲಿ ನಡೆಯುವ ಸಂಗತಿ. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯುರಾನೊಕೌಮರಿನ್ ಎಂಬ ಸಂಯುಕ್ತಗಳಿವೆ. ಚರ್ಮದ ಮೇಲೆ ಅವು ಉಳಿದಿರುವಾಗ ಬಿಸಿಲಿನ ಯು.ವಿ.ಎ. ಕಿರಣ ಬಿದ್ದರೆ ಚರ್ಮ ಸುಟ್ಟು ಕೆಂಪಾಗಿ, ಬೊಬ್ಬೆ ಬಂದು, ಕೊನೆಗೆ ಕಪ್ಪು ಕಲೆ ನಿಲ್ಲುತ್ತದೆ. ವಾರಗಳು, ಕೆಲವೊಮ್ಮೆ ತಿಂಗಳುಗಳ ಕಾಲ ಅದು ಹೋಗುವುದಿಲ್ಲ. ಬಂಗು ತೆಗೆಯಲು ಹೋದವರಿಗೆ ಎರಡನೆಯ ಕಲೆ ಬರುವುದು ಹೀಗೆ.

ಬಾಕುಚಿ ಬೀಜದ ಕಥೆ ಇನ್ನೂ ಸ್ವಾರಸ್ಯದ್ದು. ಬಾವಂಚಿ ಎಂದೂ ಕರೆಯುವ ಈ ಗಿಡದ ಬೀಜದಲ್ಲಿ ಸೋರಾಲೆನ್ ಇದೆ. ತೊನ್ನಿನ ಮಚ್ಚೆಗೆ ಹಚ್ಚಿ ಬಿಸಿಲಿಗೆ ಒಡ್ಡಿದರೆ ಬಣ್ಣ ಮರಳುತ್ತದೆ ಎಂದು ಆಯುರ್ವೇದದ ವೈದ್ಯರು ಬಳಸುತ್ತ ಬಂದದ್ದು ಇದನ್ನೇ. ಆಧುನಿಕ ಚರ್ಮಚಿಕಿತ್ಸೆಯಲ್ಲಿ ಸೋರಾಲೆನ್ ಕೊಟ್ಟು ಯು.ವಿ.ಎ. ಬೆಳಕು ಹಾಯಿಸುವ ವಿಧಾನವೂ ಈ ತಿಳಿವಳಿಕೆಯ ಮುಂದುವರಿಕೆ. ಅದೇ ಬೀಜದಿಂದ ಬೇರ್ಪಡಿಸಿದ ಬಾಕುಚಿಯಾಲ್ ಎಂಬ ಇನ್ನೊಂದು ಸಂಯುಕ್ತವನ್ನು ಇಂದು ಕಪ್ಪು ಕಲೆ ತಿಳಿಯಾಗಿಸಲು ಸೀರಮ್ಮುಗಳಲ್ಲಿ ಮಾರಲಾಗುತ್ತಿದೆ. ಒಂದೇ ಬೀಜದ ಒಂದು ಅಣು ಬಣ್ಣ ತರುತ್ತದೆ, ಇನ್ನೊಂದು ಇಳಿಸುತ್ತದೆ. ಹೀಗಿರುವಾಗ ಇಡೀ ಬೀಜವನ್ನು ಪುಡಿ ಮಾಡಿ ‘ಬಾಕುಚಿ ಫೇಸ್‌ಪ್ಯಾಕ್’ ಎಂದು ಕೊಡುವವರು ಬಂಗಿನ ಮುಖಕ್ಕೆ ಏನನ್ನು ಕೊಡುತ್ತಿದ್ದಾರೆ? ಬೀಜ ಸಹಜ ಎಂಬುದು ಇಲ್ಲಿ ಯಾವ ಉತ್ತರವನ್ನೂ ಕೊಡುವುದಿಲ್ಲ.

1970ರ ಆಸುಪಾಸಿನಲ್ಲಿ ಜಪಾನಿನ ಹೆಂಗಸರ ಕೆನ್ನೆಗಳು ಬೂದು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿದ ಪ್ರಕರಣಗಳು ಹೆಚ್ಚಾದವು. ಅಲ್ಲಿನ ಚರ್ಮವೈದ್ಯರು ಪ್ಯಾಚ್ ಟೆಸ್ಟ್ ಮಾಡುತ್ತ ಹೋದಾಗ ಸಿಕ್ಕಿಬಿದ್ದವುಗಳಲ್ಲಿ ಕಾರ್ಖಾನೆಯ ಬಣ್ಣವೊಂದಿತ್ತು. ಅದರ ಜೊತೆಗೇ ಮಲ್ಲಿಗೆಯ ಸಾರ ಮತ್ತು ಶ್ರೀಗಂಧದ ಎಣ್ಣೆಯೂ ಇದ್ದವು. ಸುವಾಸನೆಗೆಂದು ಕ್ರೀಮಿಗೆ ಬೆರೆಸಿದ ಇವು ಕೆಲವರಿಗೆ ಅಲರ್ಜಿಯಾಗಿ, ತುರಿಕೆಯೂ ಇಲ್ಲದೆ ಒಳಗೊಳಗೇ ಉರಿಯೂತ ನಡೆದು, ಬಣ್ಣ ಚರ್ಮದ ಆಳಕ್ಕೆ ಇಳಿದಿತ್ತು. ಮೈಸೂರು ಸ್ಯಾಂಡಲ್ ಸೋಪಿನ ನಾಡಿನಲ್ಲಿ ಗಂಧದ ಬಗ್ಗೆ ಹೀಗೆ ಹೇಳುವುದು ಕಿವಿಗೆ ಹಿತವಲ್ಲ. ಗಂಧ ಎಲ್ಲರಿಗೂ ಕೆಡುಕು ಎಂದೂ ಇದರ ಅರ್ಥವಲ್ಲ. ಆದರೆ ಬಂಗಿನ ಚರ್ಮ ಮೊದಲೇ ಕೆರಳಿರುವ ಚರ್ಮ. ಸ್ವಲ್ಪ ಉರಿದರೂ ಅದು ಇನ್ನಷ್ಟು ಮೆಲನಿನ್ ಸುರಿಸುತ್ತದೆ. ನಮ್ಮ ಕಡೆಯ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮಗಳಲ್ಲಿ ಈ ಸ್ವಭಾವ ಇನ್ನೂ ಹೆಚ್ಚು.

ಇಷ್ಟು ಹೇಳಿದ ಕೂಡಲೇ ಬರುವ ಮರುಮಾತು ಎಲ್ಲರಿಗೂ ಗೊತ್ತಿರುವಂಥದ್ದೇ. ಅಜ್ಜಿಯರು ಸಾವಿರಾರು ವರ್ಷಗಳಿಂದ ಅರಿಶಿನ, ಕಡಲೆಹಿಟ್ಟು, ಗಂಧ ಹಚ್ಚಿಕೊಂಡು ಬಂದಿಲ್ಲವೇ, ಅವರಿಗೇನಾಯಿತು?

ಈ ಮರುಮಾತಿಗೆ ಗೌರವದಿಂದಲೇ ಉತ್ತರಿಸಬೇಕು. ಅಜ್ಜಿಯರು ಹಚ್ಚಿಕೊಂಡದ್ದು ಎಣ್ಣೆಸ್ನಾನದ ದಿನ, ಅರ್ಧ ಗಂಟೆ, ಆಮೇಲೆ ಸೀಗೆಕಾಯಿ ಹಾಕಿ ತೊಳೆದುಬಿಡುತ್ತಿದ್ದರು. ಇಂದಿನ ಸೀರಮ್ಮಿನಲ್ಲಿರುವುದು ದ್ರಾವಕಗಳಲ್ಲಿ ಎಳೆದು ಸಾಂದ್ರಗೊಳಿಸಿದ ಸಾರ. ಅದನ್ನು ಚರ್ಮದೊಳಕ್ಕೆ ಇಳಿಸುವ ಪದಾರ್ಥಗಳ ಜೊತೆ ಬೆರೆಸಿ ರಾತ್ರಿಯಿಡೀ, ತಿಂಗಳುಗಟ್ಟಲೆ, ತೊಳೆಯದೆ ಹಚ್ಚಲಾಗುತ್ತದೆ. ಅಜ್ಜಿಯ ಅನುಭವ ಈ ಬಳಕೆಗೆ ಸಾಕ್ಷಿಯಾಗಲಾರದು. ಇನ್ನು ಶಾಸ್ತ್ರದ ಮಾತು. ಬಂಗನ್ನು ‘ವ್ಯಂಗ’ ಎಂದು ಗುರುತಿಸಿ, ಕುಂಕುಮಾದಿ ತೈಲದಂಥ ಯೋಗಗಳನ್ನು ಹೇಳಿದ ಆಯುರ್ವೇದ ಗಿಡಗಳನ್ನೆಲ್ಲ ನಿರಪಾಯಕಾರಿ ಎಂದು ಎಂದೂ ಎಣಿಸಿಲ್ಲ. ಭಲ್ಲಾತಕ, ಅಂದರೆ ಕಾಡುಗೇರು, ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆಂದು ಹಳ್ಳಿಯ ಮಕ್ಕಳಿಗೂ ಗೊತ್ತು. ಅದನ್ನು ಔಷಧಿಗೆ ಬಳಸುವ ಮೊದಲು ಇಟ್ಟಿಗೆ ಪುಡಿಯಲ್ಲಿ ಉಜ್ಜಿ ಎಣ್ಣೆ ಹೀರಿಸಿ ಶೋಧನೆ ಮಾಡಬೇಕೆಂದು ವೈದ್ಯರು ವಿಧಿಸಿದ್ದು ಅದರ ವಿಷ ತಿಳಿದೇ. ಪ್ರಮಾಣ, ಪ್ರಕೃತಿ, ಕಾಲ, ಪಥ್ಯ ಎಂದೆಲ್ಲ ಲೆಕ್ಕ ಹಾಕುವ ಒಂದು ಶಾಸ್ತ್ರವನ್ನು ‘ಏನೂ ಆಗಲ್ಲ’ ಎಂಬ ಅಂಗಡಿ ಮಾತಿಗೆ ಇಳಿಸಿದ್ದು ಆಯುರ್ವೇದಕ್ಕೆ ಮಾಡಿದ ಅವಮಾನ.

ಅಪಾಯದ ಮಾತು ಹಾಗಿರಲಿ, ಗುಣದ ಲೆಕ್ಕವನ್ನೂ ಒಮ್ಮೆ ನೋಡಬೇಕು. ನಿಂಬೆಯಲ್ಲಿ ಸಿ ಜೀವಸತ್ವವಿದೆ, ಅದು ಕಲೆ ತೆಗೆಯುತ್ತದೆ ಎನ್ನುತ್ತಾರೆ. ಚರ್ಮದ ಮೇಲೆ ಕೆಲಸ ಮಾಡುವ ಸಿ ಜೀವಸತ್ವದ ಸೀರಮ್ಮುಗಳಲ್ಲಿ ಅದರ ಪ್ರಮಾಣ ಶೇ 10ರಿಂದ 20. ನೂರು ಮಿಲಿಲೀಟರ್ ನಿಂಬೆರಸದಲ್ಲಿ ಇರುವುದು ಸುಮಾರು 50 ಮಿಲಿಗ್ರಾಂ, ಅಂದರೆ ಶೇ 0.05. ಕಡಿಮೆಯೆಂದರೂ ಇನ್ನೂರು ಪಟ್ಟಿನ ವ್ಯತ್ಯಾಸ. ಅದಕ್ಕಿಂತ ಎಷ್ಟೋ ಹೆಚ್ಚಾಗಿ ಇರುವುದು ಚರ್ಮ ಉರಿಸುವ ಸಿಟ್ರಿಕ್ ಆಮ್ಲ.

ಅತಿಮಧುರದ ಬೇರನ್ನೂ ಹೀಗೇ ನೋಡಬಹುದು. ಗ್ರಂಧಿಗೆ ಅಂಗಡಿಯಲ್ಲಿ ಕಡ್ಡಿಯಾಗಿಯೂ ಪುಡಿಯಾಗಿಯೂ ಸಿಗುವ ಜ್ಯೇಷ್ಠಮಧು ಇದೇ. ಅದರಲ್ಲಿರುವ ಗ್ಲಾಬ್ರಿಡಿನ್ ಮೆಲನಿನ್ ತಯಾರಿಯನ್ನು ತಡೆಯುತ್ತದೆಂದು 1998ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದರು. ಶೇ 0.5ರ ಗ್ಲಾಬ್ರಿಡಿನ್ ಹಚ್ಚಿದ ಗಿನಿಯಿಲಿಗಳ ಚರ್ಮ ಅತಿನೇರಳೆ ಬೆಳಕಿಗೆ ಅಷ್ಟಾಗಿ ಕಪ್ಪಾಗಲಿಲ್ಲ. ಆದರೆ ಒಣಗಿದ ಬೇರಿನಲ್ಲಿ ಗ್ಲಾಬ್ರಿಡಿನ್ ಇರುವುದೇ ಶೇ 1ಕ್ಕಿಂತ ಬಹಳ ಕಡಿಮೆ. ಅದು ಕೊಬ್ಬಿನಲ್ಲಿ, ದ್ರಾವಕದಲ್ಲಿ ಕರಗುವ ವಸ್ತು, ನೀರಿಗೆ ಬಿಟ್ಟುಕೊಡುವುದಿಲ್ಲ. ಒಂದು ಚಮಚ ಪುಡಿಯನ್ನು ಪನ್ನೀರಿನಲ್ಲಿ ಕಲಸಿ ಮುಖಕ್ಕೆ ಬಳಿದು, ಒಣಗಿ ಬಿರಿಯುವ ತನಕ ಕಾದು ತೊಳೆದರೆ ಗ್ಲಾಬ್ರಿಡಿನ್ ಪುಡಿಯ ಜೊತೆಯಲ್ಲೇ ಬಚ್ಚಲಿಗೆ ಹೋಗುತ್ತದೆ. ಬೇರು ಒಳ್ಳೆಯದು ಎಂಬ ಮಾತಿನಲ್ಲಿ ಸತ್ಯವಿದೆ. ಕಲಸಿದ ಹಿಟ್ಟಿನಲ್ಲಿ ಆ ಸತ್ಯ ಉಳಿದಿಲ್ಲ.

ಇನ್ನೊಂದು ಗುಂಪು ‘ವೈಜ್ಞಾನಿಕವಾಗಿ ಸಾಬೀತಾದ ಸಸ್ಯಸಾರ’ ಎಂದು ಬರೆದುಕೊಳ್ಳುತ್ತದೆ. ಸಾಬೀತಾದದ್ದು ಯಾವುದರ ಮೇಲೆ? ಗಿಡಗಳ ಸಾರವನ್ನು ಪರೀಕ್ಷಿಸಿದ ಬಹುಪಾಲು ಪ್ರಯೋಗಗಳಲ್ಲಿ ಬಳಸಿದ ಟೈರೊಸಿನೇಸ್ ಕಿಣ್ವ ಮನುಷ್ಯನದ್ದಲ್ಲ, ಅಣಬೆಯದು. ಅಗ್ಗ, ಸುಲಭವಾಗಿ ಸಿಗುತ್ತದೆ ಎಂಬುದು ಕಾರಣ. ಅಣಬೆಯ ಕಿಣ್ವಕ್ಕೂ ಮನುಷ್ಯನ ಕಿಣ್ವಕ್ಕೂ ರಚನೆಯಲ್ಲೇ ವ್ಯತ್ಯಾಸವಿದೆ. ಜರ್ಮನಿಯ ಬೈಯರ್ಸ್‌ಡಾರ್ಫ್ ಕಂಪನಿಯ ವಿಜ್ಞಾನಿಗಳು ಮನುಷ್ಯನ ಟೈರೊಸಿನೇಸ್ ತಯಾರಿಸಿ 50,000 ಸಂಯುಕ್ತಗಳನ್ನು ಅದರ ಮೇಲೆ ಒರೆಗೆ ಹಚ್ಚಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಿಣ್ವದ ಕೆಲಸವನ್ನು ಅರ್ಧಕ್ಕೆ ಇಳಿಸಲು ಅವರು ಆರಿಸಿದ ಥಯಾಮಿಡಾಲ್ ಸುಮಾರು 1 ಮೈಕ್ರೊಮೋಲಾರ್ ಸಾಕಾಯಿತು. ಸಸ್ಯಮೂಲದ ಕೀರ್ತಿ ಹೊತ್ತ ಆರ್ಬ್ಯುಟಿನ್ ಸುಮಾರು 6,500 ಮೈಕ್ರೊಮೋಲಾರ್ ಬೇಕಾಯಿತು. ಥಯಾಮಿಡಾಲ್ ಆ ಕಂಪನಿಯದೇ ಸರಕು, ಅವರ ಹಿತಾಸಕ್ತಿಯನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕು. ಆದರೂ ಅಣಬೆಯ ಮೇಲೆ ಗೆದ್ದದ್ದು ಮನುಷ್ಯರ ಮೇಲೂ ಗೆಲ್ಲುತ್ತದೆಂಬ ಭಾವನೆ ಅಲ್ಲಿಗೆ ಮುರಿದುಬಿತ್ತು.

ಆರ್ಬ್ಯುಟಿನ್ ಎಂದರೇನು ಎಂಬುದನ್ನೂ ಹೇಳಬೇಕು. ಬೇರ್‌ಬೆರಿ ಎಂಬ ಪೊದೆಯ ಎಲೆಯಲ್ಲಿ, ಪೇರ್ ಹಣ್ಣಿನಲ್ಲಿ ಇರುವ ಇದು ಹೈಡ್ರೊಕ್ವಿನೋನ್‌ಗೆ ಒಂದು ಸಕ್ಕರೆಯ ಅಣು ಸೇರಿ ಆದ ಸಂಯುಕ್ತ. ಬಂಗಿಗೆ ವೈದ್ಯರು ಬರೆದುಕೊಡುವ, ‘ಕೆಮಿಕಲ್’ ಎಂದು ಜನ ಹೆದರುವ, ಯುರೋಪ್ 2001ರಲ್ಲಿ ಸೌಂದರ್ಯವರ್ಧಕಗಳಿಂದ ಹೊರಗಿಟ್ಟ ಹೈಡ್ರೊಕ್ವಿನೋನ್ ಅದೇ. ಹಾಗೆಂದು ಆರ್ಬ್ಯುಟಿನ್ ವಿಷವೆಂದಲ್ಲ. ಯುರೋಪಿನ ತಜ್ಞರ ಸಮಿತಿ ಪರಿಶೀಲಿಸಿ ಮುಖದ ಕ್ರೀಮಿನಲ್ಲಿ ಆರ್ಬ್ಯುಟಿನ್ ಶೇ 7, ಆಲ್ಫಾ ಆರ್ಬ್ಯುಟಿನ್ ಶೇ 2 ಮೀರಬಾರದು ಎಂದು 2023ರಲ್ಲಿ ಮಿತಿ ಹೇಳಿತು. ಗಿಡದ್ದು ಎಂಬ ಕಾರಣಕ್ಕೆ ಅಲ್ಲಿ ರಿಯಾಯಿತಿ ಸಿಗಲಿಲ್ಲ.

ಹಾಗಾದರೆ ಗಿಡಗಳಿಂದ ಬಂಗಿಗೆ ಏನೂ ಪ್ರಯೋಜನವಿಲ್ಲವೇ? ಇದೆ, ಮತ್ತು ಅದು ದೊಡ್ಡದು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಅಜೆಲಾಯಿಕ್ ಆಮ್ಲವನ್ನೇ ತೆಗೆದುಕೊಳ್ಳಿ. ಮೈಮೇಲೆ ಚಿಬ್ಬು ಎದ್ದ ಜಾಗ ಯಾಕೆ ಬಿಳಿಚಿಕೊಳ್ಳುತ್ತದೆ ಎಂದು ಹುಡುಕುತ್ತ ಹೋದ ಇಟಲಿಯ ವಿಜ್ಞಾನಿಗಳು, ಚಿಬ್ಬಿನ ಶಿಲೀಂಧ್ರ ತಯಾರಿಸುವ ಈ ಗುಂಪಿನ ಆಮ್ಲಗಳು ಟೈರೊಸಿನೇಸನ್ನು ತಡೆಯುತ್ತವೆಂದು 1978ರಲ್ಲಿ ತೋರಿಸಿದರು. ಬಂಗಿದ್ದ 329 ಹೆಂಗಸರ ಮೇಲೆ 24 ವಾರ ನಡೆದ ಪರೀಕ್ಷೆಯಲ್ಲಿ ಶೇ 20ರ ಅಜೆಲಾಯಿಕ್ ಆಮ್ಲ ಶೇ 4ರ ಹೈಡ್ರೊಕ್ವಿನೋನ್‌ಗೆ ಸರಿಸಮನಾಗಿ ನಿಂತಿತು. ಇಂದು ಈ ಆಮ್ಲವನ್ನು ಧಾನ್ಯದಿಂದ ತೆಗೆಯುವುದಿಲ್ಲ, ಒಲೀಕ್ ಆಮ್ಲದಿಂದ ಕಾರ್ಖಾನೆಯಲ್ಲಿ ತಯಾರಿಸುತ್ತಾರೆ. ಅದರಿಂದ ಗುಣವೇನೂ ಕುಂದಿಲ್ಲ. ಗರ್ಭಿಣಿಯರ ಬಂಗಿಗೂ ವೈದ್ಯರು ಕೊಡಲು ಅಂಜದ ಕೆಲವೇ ಮದ್ದುಗಳಲ್ಲಿ ಇದೊಂದು. ಮೆಡಿಕಲ್ ಸ್ಟೋರಿನಲ್ಲಿ ಟ್ಯೂಬಿನ ಮೇಲೆ ಎಲೆಯ ಚಿತ್ರವಿಲ್ಲದ ಕಾರಣ ‘ಕೆಮಿಕಲ್’ ಎನಿಸಿಕೊಂಡು ಮೂಲೆಯಲ್ಲಿ ಕೂತಿದೆ.

ಅತಿಮಧುರದಲ್ಲೇ ಇರುವ ಲಿಕ್ವಿರಿಟಿನ್ ಎಂಬ ಇನ್ನೊಂದು ಸಂಯುಕ್ತವನ್ನು ಈಜಿಪ್ಟಿನ ವೈದ್ಯರು 20 ಹೆಂಗಸರ ಮೇಲೆ ಪರೀಕ್ಷಿಸಿ 2000ನೇ ಇಸವಿಯಲ್ಲಿ ಪ್ರಕಟಿಸಿದರು. ಮುಖದ ಒಂದು ಬದಿಗೆ ಮದ್ದಿರುವ ಕ್ರೀಮು, ಇನ್ನೊಂದು ಬದಿಗೆ ಮದ್ದಿಲ್ಲದ ಕ್ರೀಮು. ನಾಲ್ಕು ವಾರಗಳಲ್ಲಿ 16 ಮಂದಿಗೆ ಉತ್ತಮ ಫಲ ಕಂಡಿತು. ಬಾಕುಚಿಯಾಲ್ ಬಗ್ಗೆ 2019ರಲ್ಲಿ ಬಂದ ಪರೀಕ್ಷೆಯಲ್ಲಿ 44 ಜನ ಇದ್ದರು. ಹನ್ನೆರಡು ವಾರ ಹಚ್ಚಿದ ಮೇಲೆ ಸುಕ್ಕು ಮತ್ತು ಕಲೆ ಇಳಿಸುವುದರಲ್ಲಿ ಅದಕ್ಕೂ ಸುಕ್ಕಿಗೆ ಬಳಸುವ ರೆಟಿನಾಲ್‌ಗೂ ವ್ಯತ್ಯಾಸ ಕಾಣಲಿಲ್ಲ. ಇಪ್ಪತ್ತು, ನಲವತ್ತನಾಲ್ಕು ದೊಡ್ಡ ಸಂಖ್ಯೆಗಳೇನಲ್ಲ. ಆದರೂ ಇವು ಮನುಷ್ಯರ ಮುಖದ ಮೇಲೆ, ಗೊತ್ತಾದ ಪ್ರಮಾಣದಲ್ಲಿ, ಹೋಲಿಕೆಯಿಟ್ಟು ನಡೆದ ಪರೀಕ್ಷೆಗಳು. ಸಸ್ಯಮೂಲದ ಮದ್ದನ್ನು ನಿಜವಾಗಿ ಪ್ರೀತಿಸುವವರು ಕೇಳಬೇಕಾದದ್ದು ಇಂಥ ಪರೀಕ್ಷೆಗಳು ಇನ್ನಷ್ಟು ಆಗಲಿ ಎಂದು. ಗಿಡವೆಂದ ಮೇಲೆ ಪರೀಕ್ಷೆ ಯಾಕೆ ಎನ್ನುವವರು ಗಿಡದ ಸಾಮರ್ಥ್ಯವನ್ನೇ ಅಲ್ಲಗಳೆಯುತ್ತಾರೆ. ಏನೂ ಆಗದ ವಸ್ತುವಿನಿಂದ ಬಂಗಿಗೆ ತಾನೇ ಏನಾದೀತು?

ಈ ಶಿಸ್ತು ಬೆಂಗಳೂರಿಗೆ ಹೊಸದಲ್ಲ. ಮುಹಮ್ಮದ್ ಮಜೀದ್ ಕಟ್ಟಿದ ಪೀಣ್ಯದ ಸಾಮಿ ಲ್ಯಾಬ್ಸ್ ಅರಿಶಿನದಿಂದ ಶೇ 95ರ ಕರ್ಕ್ಯುಮಿನಾಯ್ಡ್ ಸಾರ ತೆಗೆದು ಜಗತ್ತಿಗೆ ಮಾರಿತು. ಅರಿಶಿನದ ಹಳದಿ ಅಂಟದಂತೆ ಮಾರ್ಪಡಿಸಿದ ಟೆಟ್ರಾಹೈಡ್ರೊಕರ್ಕ್ಯುಮಿನ್ ಕೂಡ ಅಲ್ಲಿಂದ ಸೌಂದರ್ಯವರ್ಧಕ ಕಂಪನಿಗಳಿಗೆ ಹೋಗುತ್ತದೆ. ಸಸ್ಯಸಾರದ ಸಗಟು ವ್ಯಾಪಾರದಲ್ಲಿ ಪ್ರತಿ ಡ್ರಮ್ಮಿನ ಜೊತೆಗೂ ವಿಶ್ಲೇಷಣಾ ಪತ್ರ ಇರುತ್ತದೆ: ಯಾವ ಸಂಯುಕ್ತ ಶೇ ಎಷ್ಟು, ಸೀಸ ಎಷ್ಟು, ಪಾದರಸ ಎಷ್ಟು, ದ್ರಾವಕ ಎಷ್ಟು ಉಳಿದಿದೆ ಎಂದೆಲ್ಲ. ಅತಿಮಧುರದ ಸಾರವನ್ನು ಶೇ 40 ಗ್ಲಾಬ್ರಿಡಿನ್ ಎಂದೇ ಅಳೆದು ಕೊಳ್ಳುತ್ತಾರೆ. ಅಂದರೆ ಕ್ರೀಮು ತಯಾರಿಸುವವರಿಗೆ ಅಂಕಿ ಗೊತ್ತಿದೆ. ಡಬ್ಬಿ ಜಯನಗರದ ಅಂಗಡಿಗೆ ಬರುವಷ್ಟರಲ್ಲಿ ಆ ಅಂಕಿ ಮಾಯವಾಗಿ ಎಲೆಯ ಚಿತ್ರ ಮಾತ್ರ ಉಳಿದಿರುತ್ತದೆ. ಈ ಮರೆಮಾಚುವಿಕೆಗೆ ಯಾವ ಸಮರ್ಥನೆಯೂ ಇಲ್ಲ.

ಗಿಡದ ಜಪದಲ್ಲಿ ಮುಚ್ಚಿಹೋದ ಇನ್ನೊಂದು ಸಂಗತಿ ಬೆಳಕು. ಬಂಗಿಗೆ ವಂಶವಾಹಿ, ಬಸುರಿತನ, ಗರ್ಭನಿರೋಧಕ ಮಾತ್ರೆ ಇವೆಲ್ಲ ಕಾರಣವಾಗಬಹುದು. ಅದನ್ನು ದಿನವೂ ಉಣಿಸಿ ಬೆಳೆಸುವುದು ಬೆಳಕು. ಬೆಂಗಳೂರಿನ ತಂಪು ಗಾಳಿಗೆ ಬಿಸಿಲಿನ ಚುರುಕು ಗೊತ್ತಾಗುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಈ ಊರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯಭಾಗದಲ್ಲೊಮ್ಮೆ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ಜನರನ್ನು ಸೇರಿಸಿ ‘ಶೂನ್ಯ ನೆರಳಿನ ದಿನ’ ತೋರಿಸುವುದು ಅದನ್ನೇ. ಬೇಸಿಗೆಯ ನಡುಹಗಲು ಇಲ್ಲಿನ ಅತಿನೇರಳೆ ಸೂಚ್ಯಂಕ 11 ದಾಟುತ್ತದೆ. ಅತಿಮಧುರ, ಅಜೆಲಾಯಿಕ್, ಹೈಡ್ರೊಕ್ವಿನೋನ್ ಯಾವುದನ್ನು ಹಚ್ಚಿದರೂ ಸನ್‌ಸ್ಕ್ರೀನ್ ಇಲ್ಲದಿದ್ದರೆ ರಾತ್ರಿ ಇಳಿದ ಬಣ್ಣ ಹಗಲಿಗೆ ಮರಳುತ್ತದೆ.

ಅತಿನೇರಳೆ ಕಿರಣಗಳ ಜೊತೆಗೆ ಕಣ್ಣಿಗೆ ಕಾಣುವ ಬೆಳಕೂ ಕಪ್ಪು ಚರ್ಮವನ್ನು ಇನ್ನಷ್ಟು ಕಪ್ಪಾಗಿಸುತ್ತದೆಂದು 2010ರಿಂದೀಚೆಗೆ ಸ್ಪಷ್ಟವಾಗಿದೆ. ಅದನ್ನು ತಡೆಯುವುದು ಕೆಮ್ಮಣ್ಣಿಗೆ ಬಣ್ಣ ಕೊಡುವ ಕಬ್ಬಿಣದ ಆಕ್ಸೈಡ್. ಬಣ್ಣವಿರುವ ಸನ್‌ಸ್ಕ್ರೀನುಗಳಲ್ಲಿ ಇದನ್ನೇ ಬೆರೆಸುತ್ತಾರೆ. ಮೆಕ್ಸಿಕೊದಲ್ಲಿ 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಎರಡು ಗುಂಪಿಗೂ ಹೈಡ್ರೊಕ್ವಿನೋನನ್ನೇ ಕೊಟ್ಟು, ಒಂದು ಗುಂಪಿಗೆ ಮಾತ್ರ ಕಬ್ಬಿಣದ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಕೊಟ್ಟಾಗ ಆ ಗುಂಪಿನ ಬಂಗು ಹೆಚ್ಚು ಇಳಿಯಿತು. ಬಂಗಿನವರಿಗೆ ಇಷ್ಟು ಉಪಕಾರ ಮಾಡುವ ಈ ವಸ್ತು ಯಾವ ಗಿಡದಿಂದಲೂ ಬಂದದ್ದಲ್ಲ. ಗಿಡದ್ದಲ್ಲವೆಂದು ಅದನ್ನು ಬದಿಗೊತ್ತುವುದು ಎಷ್ಟು ಮೂರ್ಖತನವೋ ಗಿಡದ್ದೆಂದು ಕಣ್ಣುಮುಚ್ಚಿ ಹಚ್ಚುವುದೂ ಅಷ್ಟೇ ಮೂರ್ಖತನ.

ಕಣ್ಣುಮುಚ್ಚಿ ನಂಬುವ ಗಿರಾಕಿ ಇರುವಲ್ಲಿ ಕಳ್ಳಸರಕು ನುಗ್ಗುತ್ತದೆ. ವಾರದಲ್ಲಿ ಬಂಗು ಮಾಯವಾಗಿಸುವ ಹೆಸರಿಲ್ಲದ ಕ್ರೀಮುಗಳಲ್ಲಿ ಬಹಳ ಸಲ ಇರುವುದು ಸ್ಟಿರಾಯ್ಡ್ ಅಥವಾ ಪಾದರಸ. ಸ್ಟಿರಾಯ್ಡ್ ಕ್ರೀಮುಗಳ ದುರ್ಬಳಕೆ ಮಿತಿಮೀರಿದ್ದರಿಂದ ಕೇಂದ್ರ ಸರ್ಕಾರ 2018ರ ಮಾರ್ಚಿನಲ್ಲಿ ಅಂಥ 14 ಔಷಧಿಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಪಾದರಸದ ಕಥೆ ಪಕ್ಕದ ಕೇರಳದ್ದು. ಕೊಟ್ಟಕ್ಕಲ್‌ನ ಮೂತ್ರಪಿಂಡ ತಜ್ಞರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಕಂಡ ಮೆಂಬ್ರೇನಸ್ ನೆಫ್ರೋಪತಿ ಎಂಬ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳಲ್ಲಿ 15 ಮಂದಿಗೆ ನೆಲ್-1 ಎಂಬ ಅಪರೂಪದ ಬಗೆಯಿತ್ತು. ಆ ಹದಿನೈದರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಪ್ರಮಾಣ ಕೇಳುವ, ಪದಾರ್ಥಗಳ ಪಟ್ಟಿ ಓದುವ ಅಭ್ಯಾಸ ಇರುವ ಊರಿನಲ್ಲಿ ಇಂಥ ಸರಕು ಇಷ್ಟು ಸಲೀಸಾಗಿ ಮಾರಾಟವಾಗದು.

ಕಾನೂನಿನಲ್ಲೂ ಗಿಡದ ಹೆಸರಿಗೆ ಸಡಿಲ ದಾರಿಯಿದೆ. ಔಷಧಿ ಮತ್ತು ಸೌಂದರ್ಯವರ್ಧಕ ನಿಯಮಗಳ 158-ಬಿ ಪ್ರಕಾರ, ಮಾನ್ಯ ಗ್ರಂಥಗಳಲ್ಲಿ ಇರುವಂತೆಯೇ ತಯಾರಿಸಿದ ಆಯುರ್ವೇದ ಔಷಧಿಗೆ ಹೊಸದಾಗಿ ಸುರಕ್ಷತಾ ಅಧ್ಯಯನ ಕೇಳುವುದಿಲ್ಲ. ಗ್ರಂಥದ ಕ್ರಮದಲ್ಲಿ ಎಣ್ಣೆ ಕಾಯಿಸಿದವರಿಗೆ ಇದು ನ್ಯಾಯವೇ. ಗ್ರಂಥದಲ್ಲಿ ಇರುವ ಗಿಡವನ್ನು ಗ್ರಂಥದಲ್ಲಿ ಇಲ್ಲದ ದ್ರಾವಕದಲ್ಲಿ ಎಳೆದು ಸೀರಮ್ ಮಾಡಿದವರು ಅದೇ ಗ್ರಂಥದ ನೆರಳಿನಲ್ಲಿ ಜಾಹೀರಾತು ಕೊಡುವುದು ನ್ಯಾಯವಲ್ಲ. ಬಂಗಿಗೆಂದು ಮಾರುವ ಪ್ರತಿ ಸಸ್ಯಸಾರದ ಡಬ್ಬಿಯ ಮೇಲೂ ಕೆಲಸ ಮಾಡುವ ಸಂಯುಕ್ತದ ಹೆಸರು, ಅದರ ಶೇಕಡಾವಾರು ಪ್ರಮಾಣ, ಎಷ್ಟು ವಾರ ಹಚ್ಚಬಹುದು ಎಂಬ ಮಿತಿ ಕನ್ನಡದಲ್ಲಿ ಇರಬೇಕು. ಪಾರ್ಲರಿನಲ್ಲಿ ಹೆಸರಿಲ್ಲದ ಡಬ್ಬಿಯಿಂದ ಬಳಿಯುವುದು ನಿಲ್ಲಬೇಕು. ಹೊಸದೇನನ್ನೇ ಆಗಲಿ ಮುಖಕ್ಕೆ ಹಾಕುವ ಮೊದಲು ಮೊಣಕೈ ಒಳಭಾಗದಲ್ಲಿ ಕೆಲವು ದಿನ ಹಚ್ಚಿ ನೋಡುವುದನ್ನು ಅಂಗಡಿಯವರೇ ಹೇಳಿಕೊಡಬೇಕು.

ಕನೆಬೊ ಕಂಪನಿಗೆ ಬಿಳಿ ಮಚ್ಚೆಯ ಮೊದಲ ದೂರು ಬಂದದ್ದು 2011ರಲ್ಲಿ. ಅದು ಆ ಗಿರಾಕಿಯ ಸ್ವಂತ ಕಾಯಿಲೆ ಎಂದು ಬರೆದು ಪಕ್ಕಕ್ಕಿಟ್ಟರು. ವಾಪಸಾತಿಗೆ ಹಿಡಿದ ಎರಡು ವರ್ಷಗಳಲ್ಲಿ ಸಾವಿರಾರು ಜನ ಹಚ್ಚುತ್ತಲೇ ಇದ್ದರು. ಗಿಡಮೂಲಿಕೆಯಿಂದ ಏನೂ ಆಗದು ಎಂದು ನಂಬಿದ ಊರಿನಲ್ಲಿ ಮಚ್ಚೆ ಎದ್ದವರು ದೂರು ಕೊಡುವುದೇ ಇಲ್ಲ. ತಮ್ಮ ಚರ್ಮವೇ ಸರಿಯಿಲ್ಲ ಎಂದುಕೊಂಡು ಇನ್ನೊಂದು ಡಬ್ಬಿ ಕೊಳ್ಳುತ್ತಾರೆ. ದೂರು ಕೊಡಲು ವ್ಯವಸ್ಥೆ ಇದೆ. ಭಾರತದ ಔಷಧ ನಿಗಾ ಕಾರ್ಯಕ್ರಮ ಗಿಡಮೂಲಿಕೆಯ ಉತ್ಪನ್ನಗಳಿಂದಾದ ಅಡ್ಡಪರಿಣಾಮಗಳನ್ನೂ ದಾಖಲಿಸಿಕೊಳ್ಳುತ್ತದೆ. ಅದರ ಶುಲ್ಕರಹಿತ ಸಂಖ್ಯೆ 1800-180-3024. ಬೆಂಗಳೂರಿನ ವೈದ್ಯಕೀಯ ಕಾಲೇಜುಗಳಲ್ಲಿ ಅದರ ಕೇಂದ್ರಗಳಿವೆ. ಕ್ರೀಮು ಹಚ್ಚಿದ ಜಾಗ ಉರಿದರೆ, ಕಪ್ಪಾದರೆ, ಬಿಳಿಚಿಕೊಂಡರೆ ಡಬ್ಬಿಯನ್ನು ಕಸಕ್ಕೆ ಎಸೆಯದೆ, ರಸೀದಿ ಮತ್ತು ಮುಖದ ಫೋಟೊ ಸಮೇತ ಚರ್ಮವೈದ್ಯರ ಬಳಿ ಒಯ್ದು, ವರದಿ ಮಾಡಿ ಎಂದು ಒತ್ತಾಯಿಸಬೇಕು. ಜಯನಗರ ನಾಲ್ಕನೇ ಬ್ಲಾಕಿನಿಂದ ಇಂಥ ಹತ್ತು ವರದಿಗಳು ಹೋದರೂ ಆಯುಷ್ ಇಲಾಖೆಗೆ, ಔಷಧ ನಿಯಂತ್ರಣ ಇಲಾಖೆಗೆ ಆ ಕಂಪನಿಯ ಬಾಗಿಲು ತಟ್ಟಲು ಕಾರಣ ಸಿಗುತ್ತದೆ.